ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಲಾಲ್ ಮಹಲ್ ಎಲ್ಲಿ ಅಂತ ಯಾರನ್ನು ಕೇಳೋದು?

ಮಾನ್ಯ ಸಂಪಾದಕರೇ,

ಹೋದ ವರ್ಷ ಮಗಳ ಮನೆಗೆಂದು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಗಿದ್ದೆವು. ಒಂದು ದಿನ ಅವಳು ರೈಲು ಹತ್ತಿಸಿ, ಫೋರ್ತ್ ನದಿಯ ಮೇಲಿನ ಆ ಕೆಂಪು ಉಕ್ಕಿನ ಸೇತುವೆ ದಾಟಿಸಿ, ಅರಮನೆ ತೋರಿಸುತ್ತೇನೆಂದು ಡನ್‌ಫರ್ಮ್‌ಲಿನ್ ಎಂಬ ಊರಿಗೆ ಕರೆದುಕೊಂಡು ಹೋದಳು. ಮೈಸೂರಿನವರಿಗೆ ಅರಮನೆ ಅಂದರೆ ಗೊತ್ತಲ್ವಾ, ಗುಮ್ಮಟ, ದೀಪ, ಚಪ್ಪಲಿ ಬಿಡುವ ಕ್ಯೂ. ಅಲ್ಲಿ ಇದ್ದದ್ದು ಎತ್ತರದ ಒಂದು ಕಲ್ಲಿನ ಗೋಡೆ, ಅದರಲ್ಲಿ ಸಾಲು ಕಿಟಕಿ. ಚಾವಣಿಯೇ ಇಲ್ಲ. 'ಇಷ್ಟೇನಾ?' ಅಂದುಬಿಟ್ಟೆ.

ಆದರೆ ಅಲ್ಲಿಂದ ಹೊರಡುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಪಕ್ಕದಲ್ಲೇ ಕ್ರೈಸ್ತ ಸನ್ಯಾಸಿಗಳ ಹಳೆಯ ಮಠ. ಅದರ ಛತ್ರವೇ ಬೆಳೆದು ಅರಮನೆಯಾಯಿತಂತೆ. ಸ್ಕಾಟ್ಲೆಂಡಿನ ದೊರೆ 6ನೇ ಜೇಮ್ಸ್ ಅದನ್ನು ಡೆನ್ಮಾರ್ಕಿನಿಂದ ಬಂದ ರಾಣಿ ಆನ್‌ಗೆ ಮದುವೆಯ ಉಡುಗೊರೆಯಾಗಿ ಕೊಟ್ಟ. ಮುಂದೆ 1649ರಲ್ಲಿ ಲಂಡನ್ನಿನಲ್ಲಿ ತಲೆ ಕಳೆದುಕೊಂಡನಲ್ಲ, ಅವರ ಮಗ ಆ ದೊರೆ 1ನೇ ಚಾರ್ಲ್ಸ್ 1600ರಲ್ಲಿ ಹುಟ್ಟಿದ್ದು ಇಲ್ಲೇ. 1603ರಲ್ಲಿ ಜೇಮ್ಸ್‌ಗೆ ಇಂಗ್ಲೆಂಡಿನ ಪಟ್ಟವೂ ಸಿಕ್ಕಿ ಆಸ್ಥಾನವೇ ಲಂಡನ್ನಿಗೆ ಹೋಯಿತು, ಅರಮನೆಯನ್ನು ಕೇಳುವವರಿಲ್ಲದೆ ಚಾವಣಿ ಬಿತ್ತು. ಮಠದ ಚರ್ಚಿನಲ್ಲಿ ಈಗಲೂ ಪ್ರಾರ್ಥನೆ ನಡೆಯುತ್ತದೆ. ದೊರೆ ರಾಬರ್ಟ್ ಬ್ರೂಸ್‌ನ ಸಮಾಧಿ ಅಲ್ಲಿದೆ. ಅವನ ಹೆಸರನ್ನು ಗೋಪುರದ ತುದಿಯಲ್ಲಿ ನಾಲ್ಕೂ ಕಡೆ ಕಲ್ಲಿನ ಅಕ್ಷರಗಳಲ್ಲೇ ಕಟ್ಟಿಬಿಟ್ಟಿದ್ದಾರೆ! ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸಿತು, ಆದರೆ ದಾರಿ ಕೇಳುವ ಕೆಲಸವಿಲ್ಲ.

ಇದನ್ನೆಲ್ಲ ಸುಮ್ನೆ ಹೇಳುತ್ತಿಲ್ಲ. ನಮ್ಮ ಶ್ರೀರಂಗಪಟ್ಟಣದಲ್ಲೂ ಇದೇ ಜೋಡಿ ಇದೆ. ಗಂಗರ ಕಾಲದ ರಂಗನಾಥಸ್ವಾಮಿ ದೇವಸ್ಥಾನ, ಅದರ ಹತ್ತಿರವೇ ಟಿಪ್ಪುವಿನ ಲಾಲ್ ಮಹಲ್. 1799ರಲ್ಲಿ ಟಿಪ್ಪು ಬಿದ್ದ, ರಾಜಧಾನಿ ಮೈಸೂರಿಗೆ ಬಂತು, ಅರಮನೆ ಹೋಯಿತು. ದೇವಸ್ಥಾನದಲ್ಲಿ ಇವತ್ತಿಗೂ ಪೂಜೆ. ನಮ್ಮಲ್ಲಿ ಗೋಡೆಯೂ ಉಳಿದಿಲ್ಲ, ಬರೀ ತಳಪಾಯ, ಅದು ನಿಜ. ಅದಕ್ಕೇ ಅಲ್ವಾ ವಿವರ ಇನ್ನೂ ಜಾಸ್ತಿ ಬೇಕಾಗಿರುವುದು?

ಮೊನ್ನೆ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ದೇವಸ್ಥಾನದ ಮುಂದೆ ಮೂರು ಜನರನ್ನು ಕೇಳಿದೆ. ಇಬ್ಬರು ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ದಾರಿ ತೋರಿಸಿದರು, ಒಬ್ಬರು 'ಅಲ್ಲೇನೂ ಇಲ್ಲ ಸಾರ್, ಕಲ್ಲು ಅಷ್ಟೇ' ಅಂದರು. ಹುಡುಗ ಆ ಕಲ್ಲುಗಳ ಮೇಲೆ ನಿಂತು 'ತಾತ, ರಾಜ ಎಲ್ಲಿ ಮಲಗ್ತಿದ್ದ?' ಅಂದ. ನನಗೂ ಗೊತ್ತಾಗಲಿಲ್ಲ.

ಅರಮನೆ ಮತ್ತೆ ಕಟ್ಟಿ ಅನ್ನುತ್ತಿಲ್ಲ. ದೇವಸ್ಥಾನದ ಬಾಗಿಲಿಂದಲೇ ಕಾಣುವ ಒಂದು ಬಾಣದ ಗುರುತು, ಯಾವ ಕೋಣೆ ಎಲ್ಲಿತ್ತು ಎಂದು ತಿಳಿದಷ್ಟನ್ನು ತೋರಿಸುವ ಒಂದು ನಕ್ಷೆ, ಕೂರಲು ಎರಡು ಕಲ್ಲುಬೆಂಚು. ಸಂಬಂಧಪಟ್ಟವರು ಇಷ್ಟು ಮಾಡಿದರೆ ಹುಡುಗನನ್ನು ಇನ್ನೊಂದು ಸಲ ಕರೆದುಕೊಂಡು ಹೋಗುತ್ತೇನೆ.

– ಒಬ್ಬ ನಿವೃತ್ತ ಮೇಷ್ಟ್ರು, ಕುವೆಂಪುನಗರ, ಮೈಸೂರು