ಬೊಜ್ಜಿನ ಶಸ್ತ್ರಚಿಕಿತ್ಸೆಯ ಜೊತೆಗೆ ವ್ಯಾಯಾಮದ ತರಬೇತಿಯೂ ಸಿಗಲಿ

ಮಾನ್ಯ ಸಂಪಾದಕರೇ,

ತೂಕ ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಬೆಳಿಗ್ಗೆ ಎದ್ದು ನಾಲ್ಕು ಹೆಜ್ಜೆ ನಡೆದರೆ ಕರಗುವ ಬೊಜ್ಜಿಗೆ ಹೊಟ್ಟೆ ಕೊಯ್ಯಿಸಿಕೊಳ್ಳಬೇಕೇ’ ಎನ್ನುವವರು ಕೆಲವರಾದರೆ, ‘ಆಪರೇಷನ್ ಆಯಿತಲ್ಲ, ಇನ್ನು ನಡಿಗೆಯ ಗೋಜು ಯಾಕೆ’ ಎನ್ನುವವರು ಇನ್ನು ಕೆಲವರು. ದೈಹಿಕ ಶಿಕ್ಷಣ ಶಿಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾಗಿರುವ, ಅಕ್ಕನ ಮಗಳ ಚಿಕಿತ್ಸೆಯನ್ನು ಹತ್ತಿರದಿಂದ ಕಂಡಿರುವ ನನಗೆ ಈ ಎರಡೂ ಮಾತುಗಳು ರೋಗಿಗೆ ಸಮಾನವಾಗಿ ಅನ್ಯಾಯ ಮಾಡುತ್ತವೆ ಎನಿಸಿದೆ.

ಮೊದಲನೆಯ ಮಾತು ಹೆಚ್ಚು ನೋಯಿಸುವಂಥದ್ದು. ತೀವ್ರ ಸ್ಥೂಲಕಾಯವನ್ನು ಸೋಮಾರಿತನದ ಫಲ ಎಂದೇ ನಮ್ಮ ಸಮಾಜ ಭಾವಿಸಿದೆ. ಆದರೆ ಆಹಾರ ಕಡಿಮೆ ಮಾಡಿ ತೂಕ ಇಳಿಸಿದಾಗ ದೇಹವೇ ಅದನ್ನು ಮರಳಿ ಪಡೆಯಲು ಹೊರಡುತ್ತದೆ: ಹಸಿವು ಹೆಚ್ಚಿಸುವ ಹಾರ್ಮೋನುಗಳು ಏರುತ್ತವೆ, ವಿಶ್ರಾಂತಿಯಲ್ಲಿದ್ದಾಗ ದೇಹ ಖರ್ಚು ಮಾಡುವ ಶಕ್ತಿ ತಗ್ಗುತ್ತದೆ. ನೂರಿಪ್ಪತ್ತು ಕಿಲೊ ಭಾರವನ್ನು ಸವೆದ ಮಂಡಿಯ ಮೇಲೆ ಹೊತ್ತವರಿಗೆ ‘ಓಡು’ ಎನ್ನುವುದು ಸಲಹೆಯಾಗದು. ವ್ಯಾಯಾಮದಿಂದ ಹೃದಯಕ್ಕೆ, ರಕ್ತದೊತ್ತಡಕ್ಕೆ, ಮನಸ್ಸಿಗೆ ಆಗುವ ಲಾಭ ದೊಡ್ಡದು. ಅದೊಂದರಿಂದಲೇ ಇಳಿಯುವ ತೂಕ ಮಾತ್ರ ಸಾಮಾನ್ಯವಾಗಿ ಅಲ್ಪ. ಇದನ್ನು ಮುಚ್ಚಿಟ್ಟು ಹುರಿದುಂಬಿಸಿದರೆ ಎರಡು ತಿಂಗಳಲ್ಲಿ ತೂಕದ ಯಂತ್ರದ ಮುಳ್ಳು ಕದಲದ್ದನ್ನು ಕಂಡು ಆ ವ್ಯಕ್ತಿ ನಡಿಗೆಯನ್ನೇ ಬಿಟ್ಟುಬಿಡುತ್ತಾರೆ.

ಇದು ಬೆರಳೆಣಿಕೆಯ ಸಿರಿವಂತರ ಸಮಸ್ಯೆಯೂ ಅಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲೂ ಪುರುಷರಲ್ಲೂ ಸುಮಾರು ಶೇ 30ರಷ್ಟು ಮಂದಿ ಅಧಿಕ ತೂಕದವರು ಅಥವಾ ಸ್ಥೂಲಕಾಯದವರು. ಇವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಬಿಎಂಐ 40 ಮುಟ್ಟಿದವರಿಗೆ, ಅಥವಾ 35 ಮುಟ್ಟಿ ಜೊತೆಗೆ ಹತೋಟಿಗೆ ಬಾರದ ಮಧುಮೇಹ, ಹೃದ್ರೋಗ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆಯಂಥವು ಇರುವವರಿಗೆ, ಬೇರೆ ಪ್ರಯತ್ನಗಳು ಸೋತಾಗ ವಿಮೆಯ ನೆರವು ಸಿಗಬಹುದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ ಹೇಳುತ್ತದೆ. ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ 2022ರಲ್ಲಿ ಪರಿಷ್ಕರಣೆಯಾದ ಅಂತರರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿ ಏಷ್ಯಾದವರ ಮಟ್ಟಿಗೆ ಶಸ್ತ್ರಚಿಕಿತ್ಸೆಯ ಬಿಎಂಐ ಗಡಿಯನ್ನು ಇನ್ನೂ ಕೆಳಕ್ಕೆ ಇಳಿಸಿದೆ. ಮೇಲ್ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ, ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ಲೈಪೊಸಕ್ಷನ್ ಬೇರೆ, ಇದು ಬೇರೆ ಎಂಬುದನ್ನೂ ಇಲ್ಲಿ ಹೇಳಬೇಕು. ಎರಡನ್ನೂ ಒಂದೇ ಎಂದುಕೊಂಡು ಹೆದರುವವರು ಬಹಳ.

ಸ್ಲೀವ್ ಎಂದು ಕರೆಯುವ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಜಠರ ಕಿರಿದಾಗುವುದಷ್ಟೇ ಅಲ್ಲ, ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುವ ಭಾಗವೇ ಹೋಗುವುದರಿಂದ ಹಸಿವೂ ತಗ್ಗುತ್ತದೆ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ರೋಗಿ ಏನೂ ಮಾಡದಿದ್ದರೂ ತೂಕ ಭರಭರನೆ ಇಳಿಯುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಅಪಾಯವಿರುವುದು ಇಲ್ಲೇ. ತಾನಾಗಿಯೇ ಇಳಿಯುವಾಗ ನಡೆಯಬೇಕೆಂಬ ಉಮೇದು ಯಾರಿಗೆ ಬಂದೀತು? ಆದರೆ ಹೀಗೆ ಇಳಿಯುವುದರಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಸೇರಿರುತ್ತದೆ. ಒಂದು–ಒಂದೂವರೆ ವರ್ಷದ ಹೊತ್ತಿಗೆ ಇಳಿಕೆ ನಿಲ್ಲುತ್ತದೆ, ಆಮೇಲೆ ಹಲವರಲ್ಲಿ ತೂಕ ಸ್ವಲ್ಪಸ್ವಲ್ಪವೇ ಏರತೊಡಗುತ್ತದೆ. ಅಷ್ಟರೊಳಗೆ ವ್ಯಾಯಾಮ ರೂಢಿಯಾಗಿರದಿದ್ದರೆ, ದಣಿದ ದೇಹದಿಂದ, ನಿರಾಶೆಯ ಮನಸ್ಸಿನಿಂದ ಅದನ್ನು ಹೊಸದಾಗಿ ಶುರುಮಾಡುವುದು ಬಹಳ ಕಷ್ಟ. ಉತ್ಸಾಹ ಬರಲಿ, ಆಮೇಲೆ ನಡೆಯೋಣ ಎಂದು ಕಾಯುವಂತಿಲ್ಲ. ಮೈ ಹಗುರಾಗುತ್ತಿರುವ ಆ ತಿಂಗಳುಗಳಲ್ಲೇ ಅಭ್ಯಾಸ ಬೇರೂರಬೇಕು.

ನನ್ನ ಅಕ್ಕನ ಮಗಳನ್ನು ಶಸ್ತ್ರಚಿಕಿತ್ಸೆಯ ಮರುದಿನವೇ ವಾರ್ಡಿನಲ್ಲಿ ನಡೆಸಿದರು. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದು ಅಗತ್ಯ. ಆದರೆ ಬಿಡುಗಡೆಯ ದಿನ ಕೈಗೆ ಬಂದ ಕಾಗದದಲ್ಲಿ ಮಾತ್ರೆಗಳು, ಪ್ರೋಟೀನ್, ವಿಟಮಿನ್‌ಗಳ ವಿವರ ಪುಟ ತುಂಬ ಇದ್ದರೆ, ವ್ಯಾಯಾಮಕ್ಕೆ ‘ನಿಯಮಿತವಾಗಿ ವಾಕಿಂಗ್ ಮಾಡಿ’ ಎಂಬ ಒಂದೇ ಸಾಲು. ಎಷ್ಟು ಹೊತ್ತು, ಎಷ್ಟು ಬಿರುಸಾಗಿ, ಭಾರ ಎತ್ತುವುದು ಯಾವಾಗಿನಿಂದ ಎಂಬುದನ್ನು ಯಾರೂ ಕೂರಿಸಿ ಹೇಳಲಿಲ್ಲ. ನಾವು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಕಲ್ಲುಬೆಂಚಿನಿಂದ ಮುಂದಿನ ಬೆಂಚಿನವರೆಗೆ ಎಂದು ಆರಂಭಿಸಿದೆವು. ತೂಕವನ್ನು ಬರೆದಿಡುವ ಬದಲು ಯಾವ ಬೆಂಚಿನಲ್ಲಿ ಕೂತೆವು, ಮನೆಯ ಮಹಡಿ ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಹತ್ತಿದಳೇ ಎಂಬುದನ್ನು ಅವಳು ಡೈರಿಯಲ್ಲಿ ಬರೆದಳು. ವೈದ್ಯರು ಒಪ್ಪಿದ ಮೇಲೆ ಕುರ್ಚಿ ಹಿಡಿದು ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ. ಸ್ನಾಯು ಉಳಿಯುವುದು ಇದರಿಂದ. ಬರಿಯ ನಡಿಗೆ ಅದಕ್ಕೆ ಸಾಲದು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಮಾಡಬೇಕು, ಎರಡು ದಿನವಾದರೂ ಸ್ನಾಯು ಬಲಪಡಿಸಬೇಕು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗೆ ಅವಳು ತಲುಪಿದ್ದು ಹೀಗೆ ನಿಧಾನವಾಗಿ.

ಉಮೇದನ್ನು ಕುಗ್ಗಿಸಿದವರು ಹೊರಗಿನವರೇ. ಕೆರೆಯ ಬಳಿ ಎದುರಾದವರು ನಿಂತು ತಿರುಗಿ ನೋಡುವುದು. ಮದುವೆಮನೆಯಲ್ಲಿ ಬಡಿಸುವವರು ‘ಇಷ್ಟೇನಮ್ಮಾ ಊಟ, ಒಂದು ಹೋಳಿಗೆ ಹಾಕಿಸ್ಕೊ’ ಎಂದು ಎಲೆಗೆ ಹಾಕಿಯೇ ಬಿಡುವುದು. ಒಂದು ಸಣ್ಣ ಬಟ್ಟಲಿನಷ್ಟು ಅನ್ನವನ್ನು ಅರ್ಧ ಗಂಟೆ ಅಗಿಯಬೇಕಾದ, ಊಟದ ನಡುವೆ ನೀರು ಕುಡಿಯಬಾರದ ವ್ಯಕ್ತಿಗೆ ಈ ಒತ್ತಾಯ ಪ್ರೀತಿಯದಾದರೂ ಹಿಂಸೆಯೇ.

ಹಾಗಾಗಿ ನನ್ನ ವಿನಂತಿ ಇಷ್ಟು. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಮಾಡುವ ಪ್ರತಿಯೊಂದು ಆಸ್ಪತ್ರೆಯೂ ಶಸ್ತ್ರಚಿಕಿತ್ಸೆಗೆ ಮೊದಲೇ ಫಿಸಿಯೊಥೆರಪಿಸ್ಟರನ್ನು ರೋಗಿಗೆ ಪರಿಚಯಿಸಿ, ಕನಿಷ್ಠ ಎರಡು ವರ್ಷ ಅವರ ಮೇಲ್ವಿಚಾರಣೆಯನ್ನು ಚಿಕಿತ್ಸೆಯ ಶುಲ್ಕದಲ್ಲೇ ಸೇರಿಸಬೇಕು. ಒಳರೋಗಿಯ ಖರ್ಚು ಕೊಡುವ ವಿಮೆ ಸಾಮಾನ್ಯವಾಗಿ ಈ ಭೇಟಿಗಳಿಗೆ ಕೊಡುವುದಿಲ್ಲ; ಅರ್ಧಕ್ಕೆ ಬಿಡುವವರು ಹೆಚ್ಚಲು ಇದೂ ಕಾರಣವಾಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ನೋಡುವ ಜಿಲ್ಲಾಸ್ಪತ್ರೆಗಳ ಅಸಾಂಕ್ರಾಮಿಕ ರೋಗ ಘಟಕಗಳಲ್ಲಿ ಇಂಥವರಿಗೆ ವಾರಕ್ಕೊಂದು ದಿನ ಮೀಸಲಿಡಬಹುದು. ಉದ್ಯಾನಗಳಲ್ಲಿ ದೀಪ, ಶೌಚಾಲಯಗಳ ಜೊತೆಗೆ ಹತ್ತಿರಹತ್ತಿರದಲ್ಲಿ ಬೆಂಚುಗಳಿರಬೇಕು; ಕೂರಲು ಜಾಗವಿದೆ ಎಂಬ ಧೈರ್ಯವಿದ್ದರೆ ಮಾತ್ರ ಏದುಸಿರು ಬಿಡುವವರು ಮನೆಯಿಂದ ಹೊರಡುತ್ತಾರೆ. ತಮ್ಮ ಪತ್ರಿಕೆಯೂ ‘ಮೊದಲು’, ‘ನಂತರ’ ಎಂಬ ಜೋಡಿ ಚಿತ್ರಗಳ ಜಾಹೀರಾತಿನಾಚೆಗೆ, ಶಸ್ತ್ರಚಿಕಿತ್ಸೆಯಾಗಿ ಐದಾರು ವರ್ಷ ಕಳೆದವರು ಇಂದು ಏನು ಉಣ್ಣುತ್ತಾರೆ, ಎಷ್ಟು ನಡೆಯುತ್ತಾರೆ, ಯಾವ ಮಾತ್ರೆ ನುಂಗುತ್ತಾರೆ ಎಂಬುದನ್ನು ಅವರ ಬಾಯಿಂದಲೇ ಕೇಳಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ
ಮೈಸೂರು