ಅಕ್ಕನನ್ನು ನೇರವಾಗಿ ಕೇಳಮ್ಮ

ಮ್ಯಾಂಚೆಸ್ಟರ್

ಪ್ರೀತಿಯ ಅಮ್ಮ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ, ಅಜ್ಜಿಗೂ ಹೇಳು. ಫೋನ್ ಮಾಡಿದರೆ ಅಕ್ಕ ಪಕ್ಕದಲ್ಲೇ ಇರುತ್ತಾಳೆ, ಅದಕ್ಕೇ ಬರೆದು ಅಪ್ಪನ ವಾಟ್ಸಾಪ್‌ಗೆ ಕಳಿಸುತ್ತಿದ್ದೇನೆ.

ಮಗು ಮಲಗಿದರೂ ಅವಳಿಗೆ ನಿದ್ದೆ ಇಲ್ಲ, "ನನ್ನ ಕೈಲಿ ಮಗು ಸಾಕೋಕಾಗಲ್ಲ" ಅಂತ ಅಳ್ತಾಳೆ ಅಂತ ಬರೆದಿದ್ದೀಯ. ಹೆರಿಗೆಯಾದ ಮೂರು, ನಾಲ್ಕನೇ ದಿನ ಸುಮ್ನೆ ಅಳು ಬರುವುದು ಎಷ್ಟೋ ಜನಕ್ಕೆ ಇದ್ದದ್ದೇ. ಎರಡು ವಾರದೊಳಗೆ ತಾನಾಗೇ ಹೋಗುತ್ತದೆ. ಅಕ್ಕನಿಗೆ ತಿಂಗಳು ಕಳೆಯಿತು. ಇದು ಬಾಣಂತಿಯರಿಗೆ ಬರುವ ಖಿನ್ನತೆ ಅನ್ನೋ ಕಾಯಿಲೆ ಇರಬಹುದು ಅಮ್ಮ. ಅತ್ತೆ ಏನೇ ಅನ್ನಲಿ, ಸೋಮಾರಿತನ ಅಲ್ಲ.

ನಮಗಿಲ್ಲಿ ಮಿಡ್‌ವೈಫ್ (ಸೂಲಗಿತ್ತಿ) ಓದಿನಲ್ಲಿ ಇದನ್ನು ಕಲಿಸೋಕೆ ಒಂದು ಕೋಣೆಯೇ ಇದೆ. ಗೋಡೆಗಳ ಮೇಲೆಲ್ಲ ಬಾಣಂತಿಯ ಮನೆ ಮೂಡುತ್ತದೆ, ಸ್ಪೀಕರ್‌ನಲ್ಲಿ ಮಗು ಅಳುತ್ತಿರುತ್ತದೆ. ಬಾಣಂತಿಯಾಗಿ ಕೂರುವವಳು ಸಂಬಳಕ್ಕೆ ಬಂದ ನಟಿ. ಅವಳ ಟೀ ಆರಿ ಹೋಗಿರುತ್ತದೆ, ಮಗುವಿನ ಕಡೆ ತಿರುಗಿಯೂ ನೋಡಲ್ಲ. ನಾವು ಅವಳನ್ನು ಮಾತಾಡಿಸಬೇಕು. ಮಧ್ಯೆ ನಿಲ್ಲಿಸಿ ಟೀಚರ್ ಕೇಳುತ್ತಾರೆ: ಏನು ಕಂಡಿರಿ, ಏನು ಕೇಳಲಿಲ್ಲ?

ಇನ್ನೊಂದು ಸಲ ಕಣ್ಣಿಗೆ ವಿಆರ್ ಹೆಡ್‌ಸೆಟ್ ಹಾಕಿದರು, ಬೇರೆ ಜಾಗದಲ್ಲೇ ಇದ್ದೀವಿ ಅನಿಸುವಂಥ ಕನ್ನಡಕ ಅದು. ಅದರೊಳಗೆ ನಾನೇ ಬಾಣಂತಿ. ಎದುರಿಗಿದ್ದ ನರ್ಸ್ ಕಂಪ್ಯೂಟರ್ ನೋಡಿಕೊಂಡೇ "ಎಲ್ಲಾ ಚೆನ್ನಾಗಿದೆ ಅಲ್ವಾ?" ಅಂದಳು. ಹಾಗೆ ಕೇಳಿದರೆ ಹ್ಞೂಂ ಅನ್ನದೆ ಇನ್ನೇನು ಹೇಳೋಕಾಗುತ್ತೆ? ಅಪ್ಪ ಇದನ್ನು ನಾಟಕ ಅಂದುಕೊಳ್ಳದಿರಲಿ. ನಿಜವಾದ ಬಾಣಂತಿಯ ಮುಂದೆ ಮಾತು ಕಲಿಯುವುದಕ್ಕಿಂತ ಇದು ಎಷ್ಟೋ ಮೇಲು. ಈ ದೇಶದಲ್ಲಿ ಹೆರಿಗೆಯಾದ ವರ್ಷದೊಳಗೆ ತಾಯಂದಿರು ಸಾಯುವ ದೊಡ್ಡ ಕಾರಣಗಳಲ್ಲಿ ಆತ್ಮಹತ್ಯೆಯೂ ಒಂದು.

ನಮ್ಮನೆಗೆ ಬಂದವರೆಲ್ಲ ಮಗುವನ್ನು ನೋಡಿ, ಕೈಗೆ ದುಡ್ಡಿಟ್ಟು ಹೋಗುತ್ತಾರೆ. ಅಕ್ಕನನ್ನು ಯಾರು ಕೇಳಿದರು? ನೀನು ಕೇಳು. ಅವಳೊಬ್ಬಳೇ ಇರುವಾಗ, ಮಗುವನ್ನು ಅಜ್ಜಿ ಕೈಗೆ ಕೊಟ್ಟು ಪಕ್ಕದಲ್ಲಿ ಕೂತುಕೋ. "ಸಾಯಬೇಕು ಅನಿಸುತ್ತಾ, ಮಗುವಿಗೆ ಏನಾದರೂ ಮಾಡಿಬಿಡ್ತೀನಿ ಅನಿಸುತ್ತಾ" ಅಂತ ನೇರವಾಗಿ ಕೇಳು. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅನ್ನುವುದು ಸುಳ್ಳು. ಎಡಿನ್‌ಬರೋದಲ್ಲಿ 1987ರಲ್ಲಿ ಮಾಡಿದ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಇಲ್ಲಿ ತುಂಬಾ ಕಡೆ ಬಳಸುತ್ತಾರೆ. ಅದರ ಕೊನೆಯ ಪ್ರಶ್ನೆಯೂ ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆಯದೇ.

ಹೌದು ಅಂದರೆ ಅವಳನ್ನು ಒಬ್ಬಳೇ ಬಿಡಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ. ಯಾರೋ ಮಾತಾಡುವುದು ಕೇಳಿಸುತ್ತೆ ಅಂದರೂ, ತಲೆಬುಡ ಇಲ್ಲದ್ದು ಮಾತಾಡಿದರೂ ಅಷ್ಟೇ. ಇಲ್ಲ ಅಂದರೂ ಈ ವಾರವೇ ಹಾಸನದಲ್ಲಿ ಮನಸ್ಸಿನ ಡಾಕ್ಟರಿಗೆ ತೋರಿಸಿ. ದೃಷ್ಟಿ ತೆಗೆಯಬೇಕಾ, ತೆಗಿ, ಬೇಡ ಅನ್ನಲ್ಲ. ಆದರೆ ಅದು ಡಾಕ್ಟರಿಗೆ ಬದಲಿ ಅಲ್ಲ. ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ. ಭಾವನೂ ಜೊತೆಗೆ ಬರಲಿ. ರಾತ್ರಿ ಭಯವಾದರೆ ಮನಸ್ಸಿನ ಆರೋಗ್ಯಕ್ಕಿರುವ ಸರ್ಕಾರದ ಸಹಾಯವಾಣಿ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸೇರಿಸಲೇಬೇಕಾಗಿ ಬಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಜೊತೆಗೇ ಇಟ್ಟುಕೊಳ್ಳುವ ವಾರ್ಡ್ ಇದೆ.

ಹೆದರಬೇಡ ಅಮ್ಮ. ಇದು ವಾಸಿಯಾಗುತ್ತೆ, ಖಂಡಿತ ವಾಸಿಯಾಗುತ್ತೆ. ನಿನ್ನ ತಪ್ಪೂ ಅಲ್ಲ, ಅವಳ ತಪ್ಪೂ ಅಲ್ಲ. ನನ್ನ ಚಿಂತೆ ಬಿಡು. ಊಟ, ರೂಮು, ದುಡ್ಡು ಎಲ್ಲಾ ಸರಿಯಾಗಿದೆ. ಡಾಕ್ಟರ ಖರ್ಚಿಗೆ ಸ್ವಲ್ಪ ಕಳಿಸಿದ್ದೇನೆ.

ಬಸ್ಸಿಗೆ ಹೊತ್ತಾಯ್ತು, ಡ್ಯೂಟಿ ಇದೆ. ಡಾಕ್ಟರು ಏನಂದರು ಅಂತ ಎಷ್ಟೊತ್ತಾದರೂ ಫೋನ್ ಮಾಡು.

ನಿನ್ನ
ಪುಟ್ಟಿ