ವಿಷಯ: ಹ್ಯೂಮಿಡಾರ್ (ಸಿಗಾರುಗಳನ್ನು ಹದವಾದ ತೇವದಲ್ಲಿ ಕಾಪಾಡುವ) ಕ್ಯಾಬಿನೆಟ್‌ನ ತೇವಾಂಶ ಸೆನ್ಸರ್ ದೋಷ ಮತ್ತು ನಾನು ‘ಯಂತ್ರಕ್ಕೆ ಉಪ್ಪು ಹಾಕಿದೆ’ ಎಂಬ ನಿಮ್ಮ ದಾಖಲೆ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ.

ನಿನ್ನೆ ಸಂಜೆ ನಿಮ್ಮ ಕಡೆಯಿಂದ ನನ್ನ ಮೊಬೈಲಿಗೆ ಒಂದು ಮೆಸೇಜ್ ಬಂತು. "ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ. ಕಾರಣ: ಗ್ರಾಹಕರು ಯಂತ್ರದೊಳಗೆ ಉಪ್ಪು ಹಾಕಿದ್ದಾರೆ." ಇಷ್ಟೇ. ಎರಡು ತಿಂಗಳಲ್ಲಿ ಏಳು ಸಲ ಫೋನ್ ಮಾಡಿದ್ದೇನೆ. ಒಂದು ಸಲವೂ ದನಿ ಏರಿಸಿ ಮಾತಾಡಿಲ್ಲ. ಈ ಮೆಸೇಜ್ ಓದಿದ ಮೇಲೆ ಎಂಟನೇ ಸಲ ಫೋನ್ ಮಾಡಲು ಮನಸ್ಸಾಗಲಿಲ್ಲ. ಅದಕ್ಕೇ ಈ ಪತ್ರ.

ನಾನು ಯಂತ್ರದೊಳಗೆ ಉಪ್ಪು ಹಾಕಿಲ್ಲ. ನಿಮ್ಮ ಕೈಪಿಡಿಯ 22ನೇ ಪುಟದಲ್ಲಿ ಹೇಳಿರುವ, ಸೆನ್ಸರ್ ಸರಿಯಿದೆಯೇ ಎಂದು ನೋಡುವ ಉಪ್ಪಿನ ಪರೀಕ್ಷೆ ಮಾಡಿದ್ದೇನೆ. ಆ ಪುಟ ಬರೆದವರು ನೀವು. ವಾರಂಟಿ ಕಾರ್ಡಿನ 6ನೇ ಅಂಶವೂ ನಿಮ್ಮದೇ. ಅದರಲ್ಲಿ ಏನಿದೆ ಎಂದು ನಿಮಗೆ ಗೊತ್ತಿದೆ, ಹಾಗಾಗಿ ಇಲ್ಲಿ ಮತ್ತೆ ಬರೆಯುವುದಿಲ್ಲ.

ಏನಾಯಿತು ಎಂದು ಮೊದಲಿಂದ ಹೇಳುತ್ತೇನೆ.

ಈ ಕ್ಯಾಬಿನೆಟ್ ತಂದು ಮೂರನೇ ವರ್ಷ ನಡೆಯುತ್ತಿದೆ. ತಂದ ದಿನ ಒಂದೇ ಒಂದು ಸಿಗಾರ್ ಒಳಗೆ ಇಡಲಿಲ್ಲ. ಒಳಗಿನ ಮರ ತೇವ ಕುಡಿದು ಹದಕ್ಕೆ ಬರಲಿ ಎಂದು ಎರಡು ವಾರ ಖಾಲಿ ಓಡಿಸಿದೆ. ಟ್ಯಾಂಕಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಮುಟ್ಟಿಸಿಲ್ಲ. ಉಷ್ಣಾಂಶ 18ರಿಂದ 20 ಡಿಗ್ರಿ. ಸೆಕೆ 24, 25 ಡಿಗ್ರಿ ದಾಟಿದರೆ ತಂಬಾಕಿನ ಹುಳದ ಮೊಟ್ಟೆ ಒಡೆಯುವ ಭಯ. ಆ ಭಯಕ್ಕೇ ಹೊಸ ಪೆಟ್ಟಿಗೆ ಬಂದಾಗಲೆಲ್ಲ ಮೊದಲು ಫ್ರೀಜರಿನಲ್ಲಿಟ್ಟು, ಆಮೇಲೆ ಒಂದು ದಿನ ಫ್ರಿಜ್ಜಿನಲ್ಲಿ ತಣ್ಣಗೆ ಬಿಟ್ಟು, ನಂತರವೇ ಒಳಗೆ ಸೇರಿಸುತ್ತೇನೆ. ತೇವಾಂಶ ಶೇಕಡಾ 69ಕ್ಕೆ ಹೊಂದಿಸಿದ್ದೆ. ಎರಡು ವರ್ಷ ಎಲ್ಲ ಚೆನ್ನಾಗಿತ್ತು. ಅದನ್ನೂ ಹೇಳಬೇಕು, ಯಾಕೆಂದರೆ ನಿಮ್ಮ ಯಂತ್ರವನ್ನು ನಾನು ನಾಲ್ಕು ಜನಕ್ಕೆ ಹೊಗಳಿದ್ದೇನೆ.

ಮೂರು ತಿಂಗಳ ಹಿಂದೆ ಟ್ಯಾಂಕ್ ಬೇಗ ಖಾಲಿಯಾಗತೊಡಗಿತು. ತಿಂಗಳಿಗೊಮ್ಮೆ ತುಂಬುತ್ತಿದ್ದವನು ಹತ್ತು ದಿನಕ್ಕೊಮ್ಮೆ ತುಂಬುವ ಹಾಗಾಯಿತು. ಪರದೆಯ ಮೇಲೆ ಮಾತ್ರ ಸದಾ 69. ಬಾಗಿಲ ರಬ್ಬರ್ ನೋಡಿದೆ, ಸರಿಯಿತ್ತು. ಆಗಲೇ ಮೊದಲ ಸಲ ನಿಮಗೆ ಫೋನ್ ಮಾಡಿದ್ದು. "ಹವಾಮಾನ ಸರ್, ನೀರು ಜಾಸ್ತಿ ಆರತ್ತೆ" ಎಂದರು. ಎರಡನೇ ಸಲವೂ ಅದೇ ಹಾಡು. ಇಷ್ಟು ನೀರು ಎಲ್ಲಿಗೆ ಹೋಗುತ್ತಿದೆ ಎಂದು ಅವತ್ತೇ ಯಾರಾದರೂ ಒಬ್ಬರು ಯೋಚಿಸಿದ್ದರೆ ಈ ಪತ್ರ ಬರೆಯುವ ಅಗತ್ಯ ಇರುತ್ತಿರಲಿಲ್ಲ.

ನೀರು ಎಲ್ಲಿಗೂ ಹೋಗಿರಲಿಲ್ಲ. ಒಳಗೇ ಇತ್ತು.

ಅದು ಗೊತ್ತಾಗಿದ್ದು ಕೆಳಗಿನ ಡ್ರಾಯರ್ ಎಳೆದ ದಿನ. ಎಳೆಯಲು ಬರಲೇ ಇಲ್ಲ, ಮರ ಉಬ್ಬಿ ಸಿಕ್ಕಿಕೊಂಡಿತ್ತು. ಜಗ್ಗಿ ತೆಗೆದಾಗ ಮುಖಕ್ಕೆ ಹೊಡೆದಿದ್ದು ಸೀಡರ್ ಪರಿಮಳವಲ್ಲ, ಮುಗ್ಗಲು ವಾಸನೆ. ಮಳೆಗಾಲದಲ್ಲಿ ಒಣಗದ ಗೋಣಿಚೀಲದ ವಾಸನೆ ಇರುತ್ತದಲ್ಲ, ಅದೇ. ಅಲ್ಲಿದ್ದದ್ದು ಕ್ಯೂಬಾದ ಒಂದು ಪೆಟ್ಟಿಗೆ, 25 ಸಿಗಾರಿನದು. ಅಡಿಯಲ್ಲಿ 2015ರ ನವೆಂಬರ್ ಮುದ್ರೆ ಇದೆ. ಮುಚ್ಚಳ ತೆಗೆದು ಒಂದನ್ನು ಕೈಗೆ ತೆಗೆದುಕೊಂಡೆ. ಬೆರಳಲ್ಲಿ ಒತ್ತಿದರೆ ಮೆತ್ತಗೆ ಒಳಗೆ ಹೋಯಿತು, ಮರಳಿ ಏಳಲಿಲ್ಲ. ಸುಡುವ ತುದಿ ಊದಿ, ಹೊರಗಿನ ಎಲೆ ಅರ್ಧ ಇಂಚು ಸೀಳಿತ್ತು. ಆ ತುದಿಯೊಳಗೆ ಬಿಳಿ ನೂಲು. ಮೈಮೇಲೆ ಮೂರು ಕಡೆ ಹಸಿರು ಮಚ್ಚೆ. ಒಂದು ಮಚ್ಚೆಯನ್ನು ಹತ್ತಿಯಲ್ಲಿ ಒರೆಸಿದೆ. ನೂಲು ಹೋಯಿತು, ಎಲೆಯ ಮೇಲೆ ಕಲೆ ಉಳಿಯಿತು. ಪೆಟ್ಟಿಗೆಯಲ್ಲಿ ಉಳಿದಿದ್ದ 15ರಲ್ಲಿ 11ಕ್ಕೆ ಬೂಸ್ಟು ಹಿಡಿದಿತ್ತು.

ಪರದೆ ನೋಡಿದೆ. 69.

ಅವತ್ತು ರಾತ್ರಿಯೇ 22ನೇ ಪುಟದ ಪರೀಕ್ಷೆ ಮಾಡಿದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ಅದು ಒದ್ದೆ ಮರಳಿನ ಹಾಗಾಗುವಷ್ಟು ಕೆಲವೇ ಹನಿ ನೀರು. ಸೆನ್ಸರನ್ನು ಕ್ಲಿಪ್ಪಿನಿಂದ ಬಿಡಿಸಿ, ವೈರಿನ ಸಮೇತ ಹೊರಗೆ ಎಳೆದು, ಮುಚ್ಚಳದ ಪಕ್ಕ ಜಿಪ್ ಚೀಲದಲ್ಲಿ ಇಟ್ಟೆ. ಜೊತೆಗೆ ನನ್ನ ಬಳಿ ಇದ್ದ ಎರಡು ಬೇರೆ ಹೈಗ್ರೋಮೀಟರ್ (ತೇವಾಂಶ ಅಳೆಯುವ ಮಾಪಕ) ಕೂಡ. ಚೀಲ ಮುಚ್ಚಿ, ವೈರ್ ಹೊರಬರುವ ಕಡೆ ಟೇಪ್ ಸುತ್ತಿ, ಇಪ್ಪತ್ನಾಲ್ಕು ಗಂಟೆ ಮುಟ್ಟಲಿಲ್ಲ. ಹಸಿ ಉಪ್ಪಿನ ಮೇಲಿನ ಮುಚ್ಚಿದ ಗಾಳಿ 75ಕ್ಕೆ ನಿಲ್ಲುತ್ತದೆ. ಇದು ನನ್ನ ಲೆಕ್ಕವಲ್ಲ, ಉಪ್ಪಿನ ಗುಣ. ನನ್ನವು ಎರಡೂ 74, 76 ತೋರಿಸಿದವು. ನಿಮ್ಮ ಪರದೆ ತೋರಿಸಿದ್ದು 64.

11 ಅಂಕ ಕಮ್ಮಿ. ಅಂದರೆ ಪರದೆಯ ಮೇಲೆ 69 ಇದ್ದಾಗ ಒಳಗೆ 80ರ ಹತ್ತಿರ. ಕೆಳಗಿನ ಡ್ರಾಯರ್ ಸ್ವಲ್ಪ ಜಾಸ್ತಿ ತಣ್ಣಗಿರುತ್ತದೆ, ಅಲ್ಲಿ ಇನ್ನೂ ಜಾಸ್ತಿ. 75 ದಾಟಿದರೆ ಬೂಸ್ಟಿಗೆ ಹಬ್ಬ. ಸೆನ್ಸರ್ ‘ಸಾಲದು’ ಎನ್ನುತ್ತಾ ಹೋಯಿತು, ಯಂತ್ರ ನೀರು ಉಗುಳುತ್ತಾ ಹೋಯಿತು, ನಾನು ಟ್ಯಾಂಕ್ ತುಂಬುತ್ತಾ ಹೋದೆ.

ಇಷ್ಟನ್ನು ಫೋಟೋ ಸಮೇತ ಕಳಿಸಿದ ಮೇಲೆ, ಏಳನೇ ಕರೆಯಲ್ಲಿ ಏನು ನಡೆಯಿತು ಎಂಬುದನ್ನು ನೀವು ಪೂರ್ತಿ ಓದಬೇಕು. ಆ ನಲವತ್ತು ನಿಮಿಷ ನನ್ನ ತಲೆಯಿಂದ ಹೋಗುತ್ತಿಲ್ಲ. ಕರೆ ರೆಕಾರ್ಡ್ ಆಗುತ್ತದೆ ಎಂದು ನೀವೇ ಶುರುವಿನಲ್ಲಿ ಹೇಳುತ್ತೀರಿ, ತೆಗೆದು ಕೇಳಿ.

"ಸರ್, ಈಗ ಪರದೆ ಮೇಲೆ ಎಷ್ಟಿದೆ?"

"69."

"ನೀವು ಎಷ್ಟಕ್ಕೆ ಸೆಟ್ ಮಾಡಿದ್ದೀರಿ?"

"69."

"ಮತ್ತೆ ಸಮಸ್ಯೆ ಏನು ಸರ್?"

ಸೆನ್ಸರ್ ತಪ್ಪು ತೋರಿಸುತ್ತಿದೆ, ಉಪ್ಪಿನ ಪರೀಕ್ಷೆ ಮಾಡಿದ್ದೇನೆ ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಎಷ್ಟು ಉಪ್ಪು ಹಾಕಿದ್ರಿ ಸರ್?" ಅರ್ಧ ಚಮಚ ಎಂದೆ. "ಯಂತ್ರದ ಯಾವ ಭಾಗಕ್ಕೆ?" ಯಂತ್ರಕ್ಕಲ್ಲ, ಬಾಟಲಿ ಮುಚ್ಚಳಕ್ಕೆ, ಎಂದೆ. "ಮುಚ್ಚಳ ಯಂತ್ರದ ಒಳಗಿತ್ತಾ?" ಇಲ್ಲ, ಚೀಲದ ಒಳಗಿತ್ತು. "ಚೀಲ ಯಂತ್ರದ ಒಳಗಿತ್ತಾ?" ಇಲ್ಲ, ಮೇಜಿನ ಮೇಲಿತ್ತು. "ಆದ್ರೆ ಉಪ್ಪು ಹಾಕಿದ್ದಂತೂ ನಿಜ ಅಲ್ವಾ ಸರ್?"

ಕೋರ್ಟಿನ ಕಟಕಟೆಯಲ್ಲಿ ನಿಂತ ಹಾಗಾಯಿತು. ಕೈಪಿಡಿ ತೆಗೆದು ಫೋನಿನಲ್ಲೇ 22ನೇ ಪುಟ ಓದಿದೆ, ಸಾಲು ಸಾಲಾಗಿ. ನಿಮ್ಮ ಕಂಪನಿಯ ಕೈಪಿಡಿಯನ್ನು ನಿಮ್ಮ ಕಂಪನಿಯವರಿಗೆ ಗ್ರಾಹಕ ಓದಿ ಹೇಳಬೇಕಾಯಿತು. ಓದುತ್ತಿದ್ದಾಗ ಆ ಕಡೆ ಇನ್ನೊಬ್ಬರಿಗೆ, "ಉಪ್ಪು ಹಾಕಿದಾರಂತೆ" ಎಂದು ಹೇಳಿದ್ದು ಕೇಳಿಸಿತು. ಯಾರೋ ನಕ್ಕಿದ್ದೂ ಕೇಳಿಸಿತು. ನನ್ನ ಹೆಂಡತಿ ಪಕ್ಕದಲ್ಲೇ ಕೂತಿದ್ದಳು, ಫೋನ್ ಸ್ಪೀಕರಿನಲ್ಲಿತ್ತು. ಅವಳು ಎದ್ದು ಒಳಗೆ ಹೋದಳು. ನನಗೆ ಆಗಬಾರದು ಅಂತಿದ್ದ ಅವಮಾನ ಅಲ್ಲಿ ಆಯಿತು.

ಆಮೇಲೆ ಮೇಲಿನವರು ಒಬ್ಬರು ಮಾತಿಗೆ ಬಂದರು. "ಸಿಗಾರ್ ಹಳೇದಾದ್ರೆ ಬಿಳಿ ಪುಡಿ ಬರತ್ತೆ ಸರ್, ಅದು ಒಳ್ಳೇ ಲಕ್ಷಣ. ನಿಮಗೆ ಗೊತ್ತಿಲ್ಲ ಅನ್ಸತ್ತೆ." ಆ ಬಿಳಿ ಪುಡಿಯ ಮಾತು ನನಗೆ ಹತ್ತು ವರ್ಷದಿಂದ ಗೊತ್ತು. ಪುಡಿಗೆ ನೂಲು ಇರುವುದಿಲ್ಲ. ಪುಡಿ ಹಸಿರಾಗಿರುವುದಿಲ್ಲ. ಪುಡಿ ಮುಗ್ಗಲು ನಾರುವುದಿಲ್ಲ. ಫೋಟೋ ನೋಡಿದ್ದೀರಾ ಎಂದು ಕೇಳಿದೆ. "ಫೋಟೋ ಬೇರೆ ವಿಭಾಗ ನೋಡತ್ತೆ" ಎಂದರು. ಕೊನೆಗೆ ಹೊಸ ಕ್ಯಾಬಿನೆಟ್ ಕೊಂಡರೆ ರಿಯಾಯಿತಿ ಕೊಡುತ್ತೇವೆ ಎಂದರು. ಸುಟ್ಟ ಗಾಯಕ್ಕೆ ಬರೆ ಎಳೆದ ಹಾಗಿತ್ತು.

ಈಗ ನಷ್ಟದ ಮಾತು. ಸೆನ್ಸರ್ ಬದಲಾಯಿಸಿದರೆ ಮುಗಿಯಿತು ಎಂದು ನೀವು ಹೇಳಬಹುದು. ಮುಗಿಯುವುದಿಲ್ಲ. ಡ್ರಾಯರುಗಳು ಸ್ಪ್ಯಾನಿಷ್ ಸೀಡರಿನವು. (ಹೆಸರಿಗೆ ಸೀಡರ್, ಆದರೆ ಅದು ಮಹಾಗನಿಯ ಬಳಗದ ಮರ.) ಅದನ್ನು ಒಳಗೆ ಹಾಕುವುದೇ ತೇವವನ್ನು ಹೀರಿ, ಬೇಕಾದಾಗ ಬಿಟ್ಟುಕೊಡುತ್ತದೆ ಎಂದು. ಈಗ ಅದು ಮೂರು ತಿಂಗಳ ನೀರನ್ನು, ಬೂಸ್ಟನ್ನು, ವಾಸನೆಯನ್ನು ಎಲ್ಲ ಹೀರಿಕೊಂಡಿದೆ. ಕೆಳಗಿನ ಎರಡು ಡ್ರಾಯರುಗಳಲ್ಲಿ ಇನ್ನು ಏನಿಟ್ಟರೂ ಕೆಡುತ್ತದೆ.

ಸಿಗಾರುಗಳ ವಿಷಯ ಬರೆಯುವುದು ನನಗೆ ಕಷ್ಟ. ಆ ಪೆಟ್ಟಿಗೆ ಕೊಂಡಿದ್ದು 2016ರಲ್ಲಿ. ಪ್ರತಿ ವರ್ಷ ಒಂದೇ ಒಂದು ಸೇದಿ, ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. 2016ರ ಪುಟದಲ್ಲಿದೆ: ‘ಅಮೋನಿಯ ಘಾಟು. ಗಂಟಲಿಗೆ ಕಚ್ಚಿತು. ಅರ್ಧಕ್ಕೆ ಬಿಟ್ಟೆ.’ 2019ರಲ್ಲಿ: ‘ಘಾಟು ಇಲ್ಲ. ಖಾರ ಇದೆ, ಆದರೆ ಕಚ್ಚುವುದಿಲ್ಲ.’ 2022ರಲ್ಲಿ: ‘ಹುರಿದ ಬೀಜ, ಕೊನೆಯಲ್ಲಿ ಸಿಹಿ.’ 2025ರ ಪುಟದಲ್ಲಿ ಒಂದೇ ಸಾಲು: ‘ಇದಕ್ಕೇ ಕಾದಿದ್ದು.’ ಹತ್ತು ವರ್ಷಕ್ಕೆ ಹತ್ತು ಸಿಗಾರ್. ಇನ್ನೂ 15 ಇದ್ದವು, ಅಂದರೆ 15 ವರ್ಷ. ಅದೇ ಹೆಸರಿನ ಹೊಸ ಪೆಟ್ಟಿಗೆ ತಂದುಕೊಡಬಹುದು ನೀವು. ಅದರಲ್ಲಿರುವುದು 2016ರ ಪುಟ, ಕಾಯಲು ಮತ್ತೆ ಹತ್ತು ವರ್ಷ ಬೇಕು. ಬೂಸ್ಟು ಹಿಡಿಯದ ನಾಲ್ಕರಲ್ಲಿ ಒಂದನ್ನು ಮೊನ್ನೆ ಹಚ್ಚಿ ನೋಡಿದೆ. ಎಳೆದರೆ ಹೊಗೆ ಬರಲಿಲ್ಲ. ಒಂದು ಪಕ್ಕ ಸುಟ್ಟಿತು, ಇನ್ನೊಂದು ಪಕ್ಕ ಹಸಿಯಾಗೇ ಉಳಿಯಿತು. ಮೂರು ಸಲ ಆರಿತು. ಆ ಪುಟದಲ್ಲಿ ಏನು ಬರೆಯಬೇಕೋ ತಿಳಿಯಲಿಲ್ಲ, ಖಾಲಿ ಬಿಟ್ಟಿದ್ದೇನೆ.

ನನಗೆ ಬೇಕಾಗಿರುವುದು ಇಷ್ಟು. ಸೆನ್ಸರ್ ಮತ್ತು ಕೆಳಗಿನ ಎರಡು ಡ್ರಾಯರ್ 6ನೇ ಅಂಶದ ಪ್ರಕಾರ ಬದಲಾಗಬೇಕು, ನನ್ನಿಂದ ಒಂದು ಪೈಸೆ ತೆಗೆದುಕೊಳ್ಳದೆ. ಹಾಳಾದ ಸಿಗಾರುಗಳ ಪರಿಹಾರವನ್ನು ಬಿಲ್ ನೋಡಿ ಕೊಡಬೇಕು. ಎಲ್ಲಕ್ಕಿಂತ ಮೊದಲು, ನನ್ನ ಹೆಸರಿನ ಮುಂದೆ ಬರೆದಿರುವ ಆ ಉಪ್ಪಿನ ಸಾಲನ್ನು ಅಳಿಸಿ, ಅಳಿಸಿದ್ದೇವೆ ಎಂದು ಬರಹದಲ್ಲಿ ತಿಳಿಸಬೇಕು. ಫೋನಿನಲ್ಲಿ ಬೇಡ. ಮೆಸೇಜಿನಲ್ಲೂ ಬೇಡ.

ಹದಿನೈದು ದಿನ ಕಾಯುತ್ತೇನೆ. ಕಾಯುವುದು ನನಗೆ ಗೊತ್ತು. ಹದಿನಾರನೇ ದಿನ ಇದು ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತದೆ. ಕೈಪಿಡಿಯ 22ನೇ ಪುಟ, ಏಳು ಕರೆಗಳ ದಿನಾಂಕ, ನೋಟ್‌ಬುಕ್ಕಿನ ಪ್ರತಿ, ನಿನ್ನೆಯ ಮೆಸೇಜ್, ಎಲ್ಲ ಜೋಡಿಸಿಟ್ಟಿದ್ದೇನೆ. ನೀವು ಟೆಕ್ನಿಶಿಯನ್ ಕಳಿಸಿ ಹಳೆಯ ಸೆನ್ಸರ್ ಕೇಳಿದರೆ ಕೊಡುವುದಿಲ್ಲ. ಯಂತ್ರ ಆರಿಸಿ ಎರಡು ವಾರವಾಯಿತು. ಅವತ್ತೇ ಸೆನ್ಸರನ್ನು ಮತ್ತೆ ಬಿಡಿಸಿ ಅದೇ ಜಿಪ್ ಚೀಲದಲ್ಲಿಟ್ಟಿದ್ದೇನೆ, ಉಪ್ಪಿನ ಮುಚ್ಚಳದ ಪಕ್ಕದಲ್ಲಿ. ಚೀಲದ ಬಾಯಿಗೆ ಟೇಪ್ ಹಚ್ಚಿ ಅದರ ಮೇಲೆ ಸಹಿ ಹಾಕಿದ್ದೇನೆ. ನ್ಯಾಯಾಧೀಶರ ಎದುರಿಗೇ ಅದನ್ನು ನಿಮ್ಮ ಯಂತ್ರಕ್ಕೆ ಜೋಡಿಸಿ, ಎಷ್ಟು ತೋರಿಸುತ್ತದೆ ನೋಡೋಣ.

ಇಂತಿ,
ನಿಮ್ಮ ಮೂರು ವರ್ಷದ ಗ್ರಾಹಕ